ದೇವಿಯ ಎಡಗಣ್ಣು

ದೇವಿಯ ಬಲಗಣ್ಣು ತೆರೆದಾಗಿತ್ತು, ಎಡಗಣ್ಣು ಬಾಕಿಯಿತ್ತು. ಶಿಲ್ಪಿ ಪಕ್ಕದಲ್ಲಿ ನಿಂತು, ಕೈ ಮಾತ್ರ ಮುಂದೆ ಚಾಚಿ, ಉಳಿಯ ಮೊನೆಯನ್ನು ರೆಪ್ಪೆಯಂಚಿಗೆ ಇಡುತ್ತಿದ್ದ. ಎದುರಿಗೆ ನಿಂತು ಕಣ್ಣು ಬಿಡಿಸುವ ಹುಂಬತನ ಆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಅಪ್ಪ ಒಮ್ಮೆ ಹಾಗೆ ನಿಂತು ತನ್ನ ಒಂದು ಕಣ್ಣು ಕಳೆದುಕೊಂಡಿದ್ದ. ಸಿಡಿದದ್ದು ಕಲ್ಲಿನ ಚೂರು ಎಂದರು ವೈದ್ಯರು. ದೇವಿಯ ಮೊದಲ ನೋಟ ಎಂದ ಅಪ್ಪ. ಎರಡೂ ಕಣ್ಣು ತೆರೆದ ಗಳಿಗೆಯಲ್ಲಿ ಆ ನೋಟ ಕನ್ನಡಿಯ ಮೇಲೆ ಬೀಳಬೇಕು, ಮನುಷ್ಯನ ಮೇಲೆ ಬಿದ್ದರೆ ಸುಟ್ಟೇಬಿಡುತ್ತದೆ ಎಂದು ತನ್ನ ಖಾಲಿ ಕಣ್ಣಗುಳಿ ತೋರಿಸಿ ತೋರಿಸಿ ಇಬ್ಬರು ಮಕ್ಕಳನ್ನೂ ಹೆದರಿಸಿ ಬೆಳೆಸಿದ. ಅನ್ನದ ಜೊತೆ ಉಂಡ ಹೆದರಿಕೆ ಅಷ್ಟು ಸುಲಭಕ್ಕೆ ಅರಗುವುದಿಲ್ಲ.

ಹಾಗಾಗಿ ಕೆಲಸದ ಕೊಟ್ಟಿಗೆಯಲ್ಲಿ ದೇವಿಯ ಎದುರಿಗೆ ಆಳೆತ್ತರದ ಕನ್ನಡಿ ನಿಂತಿತ್ತು. ಅವಳ ಬೆನ್ನಿಗೆ ಗೋಡೆ, ಒಂದು ಪಕ್ಕಕ್ಕೆ ಬೀದಿಬಾಗಿಲು, ಇನ್ನೊಂದು ಪಕ್ಕಕ್ಕೆ ಒಳಕೋಣೆ. ಬೀದಿಯಿಂದ ಬಂದವರು ಒಳಕೋಣೆಗೆ ಹೋಗಬೇಕಾದರೆ ಅವಳ ಮುಂದೆಯೇ ಹಾಯಬೇಕು.

ಒಳಕೋಣೆಯಲ್ಲಿ ಶಿಲ್ಪಿಯ ತಮ್ಮನ ಹೆಂಡತಿ ಇದ್ದಳು. ತಮ್ಮನ ಮನೆಗೂ ಶಿಲ್ಪಿಯ ಕೆಲಸದ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮದುವೆಯಾದ ವರ್ಷದಿಂದಲೇ ಆ ಗೋಡೆಯಾಚೆ ಅವಳು ಏಟು ತಿನ್ನುವ ಸದ್ದು ಕೇಳುತ್ತಿತ್ತು. ಸದ್ದು ಶುರುವಾದ ಕೂಡಲೇ ಶಿಲ್ಪಿ ದೊಡ್ಡ ಸುತ್ತಿಗೆ ಎತ್ತಿಕೊಂಡು, ಬೇಕಿರಲಿ ಬೇಡದಿರಲಿ, ಯಾವುದಾದರೊಂದು ಬಂಡೆಯನ್ನು ಜೋರಾಗಿ ಕುಟ್ಟುತ್ತಿದ್ದ. ಗಂಡ ಹೆಂಡತಿಯ ವಿಷಯ, ನಾನ್ಯಾಕೆ ತಲೆ ಹಾಕಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ, ಒದೆ ತಿಂದು ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡವಳು ರಕ್ತ ಮೆತ್ತಿದ ಸೀರೆಯಲ್ಲೇ ನಡೆದು ಬಂದು ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತಳು. ಶಿಲ್ಪಿ ಒಳಕೋಣೆ ಬಿಟ್ಟುಕೊಟ್ಟ. ತಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಅದರ ಬದಲು ದೇವಿಯ ಕಾಲ ಕೆಳಗಿನ ಅಸುರನಿಗೆ ತಮ್ಮನ ಮುಖ ಕೆತ್ತಿದ. ಸೀಳಿದ ಹುಬ್ಬು, ದಪ್ಪ ತುಟಿ, ಎಲ್ಲ ಅದೇ. ಗಂಡಸುತನವನ್ನು ತೋರಿಸಬೇಕಾದಲ್ಲಿ ತೋರಿಸದೆ ಕಲ್ಲಿನ ಮೇಲೆ ತೋರಿಸಿದ ಪುಣ್ಯಾತ್ಮ.

ಆ ಮುಖದ ಸುದ್ದಿ ಬೀದಿಯಲ್ಲಿ ಹರಡದೆ ಇರುತ್ತದೆಯೇ? ಎಡಗಣ್ಣು ಬಾಕಿಯಿದ್ದ ಆ ಮಧ್ಯಾಹ್ನ ತಮ್ಮ ಬಂದ. ಕುಡಿದಿರಲಿಲ್ಲ. ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದಿದ್ದ. ಅದನ್ನು ನೋಡಿಯೇ ಶಿಲ್ಪಿಗೆ ಜೀವ ಬಾಯಿಗೆ ಬಂತು. ತಮ್ಮ ಕುಕ್ಕರುಗಾಲಲ್ಲಿ ಕೂತು ಅಸುರನ ಹುಬ್ಬನ್ನು ಬೆರಳಿನಿಂದ ಸವರಿದ.

"ಇದು ನಾನೇ ಅಲ್ವಾ, ಅಣ್ಣ?"

"ಹೌದು."

"ಚೆನ್ನಾಗಿ ಬಂದಿದೆ."

ಎದ್ದವನ ಕೈಯಲ್ಲಿ ಬಂಡೆ ಒಡೆಯುವ ಸುತ್ತಿಗೆಯಿತ್ತು. ಮೊದಲ ಏಟು ಕನ್ನಡಿಗೆ. ಎರಡನೆಯದು ಪೀಠದ ಮೇಲಿದ್ದ ಶಿಲ್ಪಿಯ ಬಲಗೈಗೆ. ಮೂಳೆ ನುರಿದ ಸದ್ದು ಶಿಲ್ಪಿಗೆ ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಬಿದ್ದವನ ಪಕ್ಕೆಗೆ ತಮ್ಮ ಒದ್ದ, ಮುಖಕ್ಕೆ ಒದ್ದ, ಹಲ್ಲು ಮುರಿದು ಬಾಯಿ ತುಂಬ ರಕ್ತವಾಯಿತು. ಒದೆಯುತ್ತಲೇ ಅಣ್ಣನಿಗೂ ತನ್ನ ಹೆಂಡತಿಗೂ ಸಂಬಂಧ ಕಟ್ಟಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಆಮೇಲೆ ಒಳಕೋಣೆಯ ಕಡೆ ತಿರುಗಿ, ಇವತ್ತು ನಿನ್ನನ್ನು ಕೂದಲು ಹಿಡಿದು ಎಳೆದುಕೊಂಡೇ ಹೋಗುವುದು, ಉಳಿದ ಲೆಕ್ಕ ಮನೆಯಲ್ಲಿ ಎಂದು ಕೂಗಿದ. ಮನೆಗೆ ಹೋದರೆ ಅವಳು ಬದುಕುವುದಿಲ್ಲ ಎಂಬುದು ಶಿಲ್ಪಿಗೆ ಗೊತ್ತಿತ್ತು. ಒಳಗೆ ಬಾಗಿಲಿಗೆ ಹಾರೆ ಅಡ್ಡ ಇಟ್ಟ ಸದ್ದಾಯಿತು. ಆ ಹಳೇ ಬಾಗಿಲು ಎಷ್ಟು ಹೊತ್ತು ತಡೆದೀತು?

ಕುಟ್ಟಿ ಮರೆಮಾಡಲು ಈ ಸಲ ಶಿಲ್ಪಿಗೆ ಕೈಯೇ ಇರಲಿಲ್ಲ. ಪೀಠ ಹಿಡಿದು ಎದ್ದ. ಎಡಗೈಯಲ್ಲಿ ಉಳಿ ಹಿಡಿದು ದೇವಿಯ ಎಡಗಣ್ಣಿಗೆ ಇಟ್ಟ. ಸುತ್ತಿಗೆ ಹಿಡಿಯಲಾಗದ ಬಲಗೈಯನ್ನೇ, ಜಜ್ಜಿದ ಅಂಗೈಯ ಬುಡವನ್ನೇ, ಉಳಿಯ ತಲೆಗೆ ಗುದ್ದಿದ. ಕಣ್ಣು ಕತ್ತಲಿಟ್ಟಿತು. ಇನ್ನೊಮ್ಮೆ ಗುದ್ದಿದ. ಮೆದು ಕಲ್ಲು, ಬಾಕಿಯಿದ್ದದ್ದು ಒಂದೇ ಗೆರೆ. ಗೆರೆ ಜಾರಿ ಸೊಟ್ಟಗಾಯಿತು, ಆದರೂ ಕಣ್ಣು ತೆರೆಯಿತು.

"ತೆರೆದಾಯ್ತು," ಎಂದ ರಕ್ತ ಉಗುಳುತ್ತಾ. "ಕನ್ನಡಿ ನೀನೇ ಒಡೆದಿದ್ದೀಯ. ಈಗ ದಾಟು ನೋಡೋಣ."

ಎತ್ತಿದ ಹೆಜ್ಜೆಯನ್ನು ತಮ್ಮ ಹಿಂದಕ್ಕಿಟ್ಟ. ಮೆಳ್ಳೆಗಣ್ಣಿನ ದೇವಿ, ಊನವಾದ ವಿಗ್ರಹ, ಇದರಲ್ಲಿ ಯಾವ ಶಕ್ತಿ ಇರುತ್ತದೆ ಎಂದು ನಕ್ಕ. ನಗು ದೊಡ್ಡದಾಗಿಯೇ ಇತ್ತು, ಕಾಲು ಮಾತ್ರ ಮುಂದೆ ಬರಲಿಲ್ಲ. ಅಪ್ಪನ ಕಣ್ಣಗುಳಿ ಅವನ ಕಾಲನ್ನೂ ಹಿಡಿದಿತ್ತು.

ಆಗ ಒಳಕೋಣೆಯ ಬಾಗಿಲು ತಾನಾಗಿ ತೆರೆಯಿತು. ಅಡ್ಡ ಇಟ್ಟಿದ್ದ ಹಾರೆ ಈಗ ಅವಳ ಕೈಯಲ್ಲಿತ್ತು. ಚಪ್ಪಲಿಯಿಲ್ಲದ ಕಾಲಲ್ಲಿ ಕನ್ನಡಿಯ ಚೂರುಗಳನ್ನು ತುಳಿದುಕೊಂಡು ಬಂದು ದೇವಿಯ ಎದುರಿಗೆ ನೆಟ್ಟಗೆ ನಿಂತಳು. ಮುಖವೆತ್ತಿ ಆ ಎರಡೂ ಕಣ್ಣುಗಳನ್ನು ನೋಡಿದಳು. ಶಿಲ್ಪಿ ಕಾದ. ತಮ್ಮನೂ ಕಾದ, ಅವಳು ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು. ಅವಳು ಬೀಳಲಿಲ್ಲ. ಗಂಡನ ಕಡೆ ತಿರುಗಿದಳು. ಹೊಡೆಸಿಕೊಳ್ಳುವಾಗಲೂ ಅವನನ್ನು ಬಹುವಚನದಲ್ಲೇ ಬೇಡಿಕೊಂಡಿದ್ದವಳು ಅವಳು.

"ನನಗೇನೂ ಆಗಲಿಲ್ಲ. ಇನ್ನು ನೀನು ಬಾ."

ಆ 'ನೀನು' ಕೇಳಿ ಅವನ ತಲೆ ಕೆಟ್ಟಿತು. ಸುತ್ತಿಗೆ ಎತ್ತಿಕೊಂಡು ನುಗ್ಗಿದ. ಆದರೆ ದೇವಿಯ ಮುಂದೆ ಬರುವಾಗ, ಅಭ್ಯಾಸ, ಮುಖವನ್ನು ಆಚೆ ತಿರುಗಿಸಿಕೊಂಡ. ಆ ಕಣ್ಣುಗಳನ್ನು ತಪ್ಪಿಸಲು ಹೋಗಿ ಅವನು ಹಾರೆಯನ್ನು ನೋಡಲೇ ಇಲ್ಲ.

ಮೊದಲ ಏಟಿಗೆ ಮುಂಗೈ ಮುರಿದು ಸುತ್ತಿಗೆ ಬಿತ್ತು. ಎರಡನೆಯದು ಮೊಣಕಾಲಿಗೆ, ಅವಳ ಹೊಟ್ಟೆಗೆ ಒದ್ದಿದ್ದ ಕಾಲಿಗೆ. ಬಿದ್ದ ಮೇಲೂ ಹೊಡೆದಳು. ಅವನು ಅರಚಿದ, ಅಣ್ಣಾ ಬಿಡಿಸು ಎಂದು ಕೂಗಿದ. ಶಿಲ್ಪಿ ಪೀಠ ಬಿಟ್ಟು ಬರಲಿಲ್ಲ. ಅಸುರನ ಮುಖದ ಪಕ್ಕದಲ್ಲೇ ಬಿದ್ದಿತ್ತು ಅದರ ಅಸಲಿ ಮುಖ, ಜೊಲ್ಲು ರಕ್ತ ಎಲ್ಲ ಒಂದಾಗಿ. ಹಾರೆ ಒಮ್ಮೆ ಆ ತಲೆಯ ಮೇಲೆಯೂ ಎದ್ದಿತು. ಯಾಕೋ ಅವಳೇ ಅದನ್ನು ಪಕ್ಕಕ್ಕೆ ಎಸೆದು ನೆಲದ ಮೇಲೆ ಕೂತಳು. ಕೂಸು ಹೋದ ದಿನವೂ ಅಳದಿದ್ದವಳು ಆಗ ಅತ್ತಳು.

ತಮ್ಮ ಬದುಕಿದ. ಕೋಲು ಹಿಡಿದು ನಡೆಯುತ್ತಾನಂತೆ, ಈ ಬೀದಿಗೆ ಬರುವುದಿಲ್ಲ. ಶಿಲ್ಪಿಯ ಎರಡು ಬೆರಳನ್ನು ವೈದ್ಯರು ತೆಗೆದರು. ಗುಡಿಯವರು ಬಂದು ಸೊಟ್ಟಗಣ್ಣು ನೋಡಿ, ಊನವಾದದ್ದನ್ನು ಪ್ರತಿಷ್ಠೆ ಮಾಡುವಂತಿಲ್ಲ ಎಂದು ಹೊರಟುಹೋದರು. ದೇವಿ ಕೊಟ್ಟಿಗೆಯಲ್ಲೇ ಉಳಿದಳು. ಅವಳ ಎದುರಿಗೇ ಚಾಪೆ ಹಾಕಿಕೊಂಡು ತಮ್ಮನ ಹೆಂಡತಿ ಈಗ ವಿಗ್ರಹಗಳಿಗೆ ನುಣುಪು ಕೊಡುವ ಕೆಲಸ ಮಾಡುತ್ತಾಳೆ.

ಕೈಯ ಕಟ್ಟು ಬಿಚ್ಚಿದ ಮೇಲೆ ಶಿಲ್ಪಿ ಒಂದು ದಿನ ಉಳಿ ಹಿಡಿದು ಪೀಠದ ಬಳಿ ಕೂತ. ಅಸುರನ ಪಕ್ಕದಲ್ಲಿ ಇನ್ನೂ ಒಂದು ಮುಖಕ್ಕಾಗುವಷ್ಟು ಕಲ್ಲಿತ್ತು. ಅದನ್ನು ತಡವುತ್ತಾ ಅವಳಿಗೆ ಹೇಳಿದ.

"ಇಲ್ಲಿ ನನ್ನ ಮುಖವನ್ನೂ ಕೆತ್ತಬೇಕಮ್ಮ. ನಂಗೆ ಎಲ್ಲ ಕೇಳಿಸ್ತಿತ್ತು."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ನಂಗೂ ನಿಮ್ಮ ಸುತ್ತಿಗೆ ಸದ್ದು ಕೇಳಿಸ್ತಿತ್ತು, ಭಾವ. ನಾನು ಜೋರಾಗಿ ಕೂಗಿದಷ್ಟೂ ಅದೂ ಜೋರಾಗ್ತಿತ್ತು. ಕಲ್ಲಲ್ಲಿ ಕೆತ್ತಿದ್ದು ಸಾಕು. ಇನ್ನು ಯಾರ ಮನೆಯಲ್ಲಾದ್ರೂ ಆ ಥರ ಕೇಳಿದ್ರೆ, ಎದ್ದು ಹೋಗಿ ಬಾಗಿಲು ಬಡೀರಿ."