ಏಳಲಾರದ ನಾಯಕ

ನಮ್ಮ ನಾಟಕದ ನಾಯಕನಿಗೆ ಇಪ್ಪತ್ತು ವರ್ಷ. ಪರದೆ ಮೊದಲ ಬಾರಿ ಎದ್ದ ದಿನವೂ ಅವನಿಗೆ ಇಪ್ಪತ್ತು, ಇವತ್ತಿಗೂ ಇಪ್ಪತ್ತು. ಈ ನಡುವೆ ನಾಯಕಿಯರು ಬದಲಾದರು. ಒಬ್ಬರು ಮದುವೆಯಾಗಿ ಹೋದರು, ಒಬ್ಬರು ಸಿನಿಮಾಕ್ಕೆ ಹೋದರು, ಇನ್ನೊಬ್ಬರು ನಾಯಕನ ತಾಯಿಯ ಪಾತ್ರಕ್ಕೆ ಬಡ್ತಿ ಪಡೆದು ಈಗ ದಿನಾ ನನ್ನ ತಲೆ ಸವರಿ ಹರಸುತ್ತಾರೆ. ಬದಲಾಗದೆ ಉಳಿದವನು ನಾನೊಬ್ಬನೇ. ಇಷ್ಟು ಜನಪ್ರಿಯವಾದ ಸಂಗೀತ ನಾಟಕ ಎಲ್ಲಿಯವರೆಗೆ ಓಡೀತು ಎಂದು ಯಾರಾದರೂ ಕೇಳಿದರೆ, ನನ್ನ ಗಂಟಲು ಇರುವವರೆಗೆ ಎನ್ನುತ್ತಿದ್ದೆ. ಯಾರೂ ಕೇಳದಿದ್ದರೂ ಎನ್ನುತ್ತಿದ್ದೆ.

ನನ್ನ ಅಕ್ಕ ಅದೇ ರಂಗಮಂದಿರದಲ್ಲಿ ಉಡುಪು ಹೊಲಿಯುತ್ತಾಳೆ. ನಾವಿಬ್ಬರೂ ಒಂದೇ ಮನೆಯಲ್ಲಿರುವುದು, ಸಂಜೆ ಒಟ್ಟಿಗೇ ಹೊರಡುವುದು. ಮುಂದಿನ ಬೀದಿಯಲ್ಲಿ ಹೋದರೆ ರಂಗಮಂದಿರ ನಾಲ್ಕು ಹೆಜ್ಜೆ. ಅಕ್ಕ ಮಾತ್ರ ಪಟ್ಟು ಹಿಡಿದು ಹಿಂದಿನ ಓಣಿಯಲ್ಲೇ ಸುತ್ತಿಸಿ, ಕಸದ ಡಬ್ಬಿಗಳನ್ನೂ ಲಾಂಡ್ರಿಯ ಬಿಸಿ ಹಬೆಯನ್ನೂ ದಾಟಿಸಿ ಹಿಂಬಾಗಿಲಿಗೆ ಕರೆದೊಯ್ಯುತ್ತಿದ್ದಳು. ಮುಂದಿನ ಬೀದಿಯಲ್ಲಿ ಅಭಿಮಾನಿಗಳು ಮುತ್ತಿಕೊಳ್ಳುತ್ತಾರೆ ಎಂಬುದು ಅವಳು ಕೊಟ್ಟ ಕಾರಣ. ಎಷ್ಟೋ ವರ್ಷ ಒಬ್ಬ ಅಭಿಮಾನಿಯೂ ಮುತ್ತಿಕೊಳ್ಳಲಿಲ್ಲ. ಓಣಿಯ ಉಪಾಯ ಚೆನ್ನಾಗಿ ಫಲಿಸಿದೆ ಎಂದು ನಾನು ತಿಳಿದುಕೊಂಡೆ.

ನನ್ನ ಕೋಟಿನ ವಿಷಯದಲ್ಲೂ ಹೀಗೆಯೇ. ಆಗಾಗ ಹೊಟ್ಟೆಯ ಹತ್ತಿರ ಬಿಗಿಯಾದಾಗ, ಒಗೆದು ಒಗೆದು ಬಟ್ಟೆ ಕುಗ್ಗಿದೆ ಎನ್ನುತ್ತಿದ್ದೆ. ಅಕ್ಕ ಹೌದೆಂದು ತಲೆಯಾಡಿಸಿ, ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸ್ವಲ್ಪ ಸ್ವಲ್ಪ ಬಿಡುತ್ತಿದ್ದಳು.

ನಾಟಕದ ಜೀವವೆಂದರೆ ಎರಡನೇ ಅಂಕದ ಹಾಡು. ನಾಯಕ ಮಂಡಿಯೂರಿ, ನೀನು ಹೂಂ ಎನ್ನದೆ ನಾನು ಏಳಲಾರೆ ಎಂದು ಹಾಡಬೇಕು. ನಾಯಕಿ ಹೂಂ ಎನ್ನಬೇಕು, ಅವನು ಥಟ್ಟನೆ ಏಳಬೇಕು. ಬರಬರುತ್ತಾ ಈ ಥಟ್ಟನೆ ಎಂಬುದು ನನ್ನ ಎಡಮಂಡಿಯ ಕೈಲಿ ಆಗದ ಮಾತಾಯಿತು. ನಾಯಕಿ ಹೂಂ ಎನ್ನುವಳು, ನಾನು ನೆಲದಲ್ಲೇ. ಅವಳು ಇನ್ನೊಮ್ಮೆ ಜೋರಾಗಿ ಹೂಂ ಎನ್ನುವಳು, ನಾನು ಅಲ್ಲೇ. ಕೊನೆಗೆ ಎರಡೂ ತೋಳು ಹಿಡಿದು ಎಬ್ಬಿಸುವಳು. ಹುಡುಗಿಗೆ ನನ್ನ ಮೇಲೆ ಎಷ್ಟು ಗೌರವ ಎಂದು ಮನಸ್ಸು ತುಂಬಿಬರುತ್ತಿತ್ತು. ಆಗ ಸಭೆಯಲ್ಲಿ ಏಳುವ ನಗೆಯೂ ನನಗೆ ಕೇಳಿಸುತ್ತಿತ್ತು. ಪ್ರೇಮ ಕೈಗೂಡಿದ್ದಕ್ಕೆ ಜನ ಸಂತೋಷಪಡುತ್ತಿದ್ದಾರೆ ಎಂದು ನಾನೇ ಅರ್ಥ ಹೇಳಿಕೊಂಡಿದ್ದೆ. ಕಣ್ಣಿಗೆ ದೀಪ ಕುಕ್ಕುತ್ತಿರುವಾಗ ಅರ್ಥ ಹೇಳಿಕೊಳ್ಳುವುದು ಬಹಳ ಸುಲಭ.

ನೋವು ತಡೆಯಲಾಗದೆ ಮಂಡಿಯ ಆಪರೇಷನ್ನಿಗೆ ರಜೆ ಕೇಳಿದಾಗ ನಾಟಕ ಕಂಪನಿಯ ಯಜಮಾನರ ಮುಖ ಬಿಳಿಚಿಕೊಂಡಿತು. ಹಲ್ಲು ಕೀಳಿಸಿಕೊಳ್ಳಿ, ಕಣ್ಣು ತೋರಿಸಿ, ಬೇಕಾದರೆ ಹೃದಯವನ್ನೇ ತೆರೆಸಿಕೊಳ್ಳಿ, ಆ ಮಂಡಿಯೊಂದನ್ನು ಮಾತ್ರ ಮುಟ್ಟಿಸಬೇಡಿ ಎಂದು ಅಂಗಲಾಚಿದರು. ನನ್ನನ್ನು ಬಿಟ್ಟಿರಲಾರದ ಅವರ ಪ್ರೀತಿಗೆ ನಾನು ಕರಗಿಹೋದೆ. ಅಕ್ಕ ಕರಗಲಿಲ್ಲ. ತಮ್ಮನ ಕಾಲು ತಮ್ಮನದು ಎಂದು ಅವರ ಎದುರಿಗೇ ಹೇಳಿ ಆಸ್ಪತ್ರೆಗೆ ಸೇರಿಸಿದಳು. ನನ್ನ ಪಾತ್ರಕ್ಕೆ ಹೊಸ ಯುವಕನೊಬ್ಬ ಬಂದ. ತೆಳ್ಳನೆ ಸೊಂಟ, ಒಳ್ಳೆಯ ಕಂಠ. ವಾರ ಓಡಿದರೆ ಹೆಚ್ಚು ಎಂದು ಹಾಸಿಗೆಯಲ್ಲೇ ಮಲಗಿ ಭವಿಷ್ಯ ನುಡಿದೆ.

ನನ್ನ ಭವಿಷ್ಯ ನಿಜವಾಗುವ ಲಕ್ಷಣ ಕಂಡಿತು. ಕುರ್ಚಿಗಳು ಖಾಲಿ ಬೀಳುತ್ತಿವೆಯಂತೆ ಎಂಬ ಸುದ್ದಿ ಕೇಳಿ ನನಗೆ ಆ ದಿನ ಊಟ ಒಂದು ತುತ್ತು ಹೆಚ್ಚೇ ಸೇರಿತು. ಕಾಲು ನೆಲಕ್ಕೆ ಊರುವ ಹಾಗಾದ ಕೂಡಲೇ, ಅಕ್ಕ ಹೊಲಿಗೆಗೆ ಹೋಗಿದ್ದ ಒಂದು ಸಂಜೆ, ಕೋಲು ಹಿಡಿದು ಯುವಕನ ಸೋಲನ್ನು ಕಣ್ಣಾರೆ ಕಾಣಲು ಹೊರಟೆ. ಆ ಕಾಲಿನಲ್ಲಿ ಓಣಿ ಸುತ್ತುವುದಾಗದೆ ಮುಂದಿನ ಬೀದಿಯಲ್ಲೇ ಹೋದೆ.

ಬಾಗಿಲ ಮೇಲೆ ದೊಡ್ಡ ಫಲಕ. ಅದರಲ್ಲಿ 'ಮನ ಕಲಕುವ ಪ್ರೇಮಕಥೆ' ಎಂದು ಬರೆಸಿದ್ದು ನನಗೆ ಗೊತ್ತು. ಬರೆದ ದಿನ ಕೆಳಗೆ ನಿಂತು ನೋಡಿದ್ದೆ. ಈಗ ಅಲ್ಲಿ 'ಹೊಟ್ಟೆ ಹುಣ್ಣಾಗಿಸುವ ಪ್ರೇಮಕಥೆ' ಎಂದಿತ್ತು. ಪ್ರೇಮದಲ್ಲಿ ಹೊಟ್ಟೆಗೇನು ಕೆಲಸ ಎಂದು ನಾನು ಯೋಚಿಸುತ್ತಾ ನಿಂತೆ. ಮೇಲೆ ಬಳಿದ ಬಣ್ಣ ಹೊಸದೇನಲ್ಲ, ಅದೂ ಬಿಸಿಲಿಗೆ ಮಾಸಿ ವರ್ಷಗಳಾಗಿದ್ದವು.

ಒಳಗೆ ಯುವಕ ಚೆನ್ನಾಗಿಯೇ ಹಾಡಿದ. ಮಂಡಿಯೂರಿದ, ನಾಯಕಿ ಹೂಂ ಎಂದಳು, ಅವನು ಥಟ್ಟನೆ ಎದ್ದ. ಸಭೆ ಸುಮ್ಮನೆ ಕೂತಿತ್ತು. ನನಗೆ ಒಳಗೊಳಗೇ ಖುಷಿ. ಪಕ್ಕದ ಕುರ್ಚಿಯ ಹೆಂಗಸು ತನ್ನ ಗಂಡನ ಕಡೆ ತಿರುಗಿ ಹೇಳಿದಳು:

"ಆ ಏಳಕ್ಕಾಗದ ಮುದುಕ ಎಲ್ಲಿ? ಅವನನ್ನ ನೋಡಿ ನಗೋಣ ಅಂತ ತಾನೇ ಬಂದಿದ್ದು."

ನಾನು ಕೋಲನ್ನು ಕುರ್ಚಿಯ ಕೆಳಗೆ ತಳ್ಳಿ ತಲೆ ತಗ್ಗಿಸಿ ಕೂತೆ. ಅಳು ಬಂತು. ಹೊಟ್ಟೆ ಹುಣ್ಣಾಗಿಸುವ ಪ್ರೇಮಕಥೆಗೆ ಆ ದಿನ ಅತ್ತವನು ನಾನೊಬ್ಬನೇ ಇರಬೇಕು.

ಮರುದಿನ ಬೆಳಿಗ್ಗೆ ಅಕ್ಕ ಚಹಾ ತಂದಿಟ್ಟಾಗ, ಓಣಿಯಲ್ಲಿ ಸುತ್ತಿಸುತ್ತಿದ್ದದ್ದು ಆ ಫಲಕ ಕಾಣದಿರಲಿ ಎಂದೇ ಅಲ್ಲವೇ ಎಂದು ಕೇಳಿದೆ. ಹೌದು ಎಂದಳು. ಬಾಯಿ ಬಿಟ್ಟ ಮೇಲೆ ಉಳಿದದ್ದನ್ನೂ ಹೇಳಿದಳು. ಕೋಟನ್ನು ಬಿಗಿ ಮಾಡು, ಮಂಡಿಯೂರಿದಾಗ ಗುಂಡಿ ಹಾರಲಿ, ಜನ ಇನ್ನೂ ನಗುತ್ತಾರೆ ಎಂದು ಯಜಮಾನರು ವರ್ಷಗಳಿಂದ ಅವಳ ಬೆನ್ನು ಹತ್ತಿದ್ದರು. ಅವಳು ಹೂಂ ಹೂಂ ಎನ್ನುತ್ತಾ ಪ್ರತಿ ಸಲವೂ ಸಡಿಲ ಮಾಡಿದ್ದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಚಹಾ ಆರುವವರೆಗೆ ಅವಳ ಕೈ ಹಿಡಿದು ಕೂತಿದ್ದೆ.

ಮಧ್ಯಾಹ್ನ ಯಜಮಾನರೇ ಮನೆಗೆ ಬಂದರು. ಮುಚ್ಚುಮರೆ ಮಾಡಲಿಲ್ಲ. ನಾನು ಬಂದು ಮೊದಲಿನ ಹಾಗೆ ಮಾಡಿದರೆ ನಾಟಕ ಓಡುತ್ತದೆ, ಇಲ್ಲದಿದ್ದರೆ ಈ ತಿಂಗಳಿಗೆ ಪರದೆ ಇಳಿಸಿ ಬಾಗಿಲು ಹಾಕುವುದೇ ಎಂದರು. ಬಾಗಿಲು ಹಾಕಿದರೆ ನಾನು ಯಾರೂ ಅಲ್ಲ. ಬೇರೆ ಪಾತ್ರ ನನಗೆ ಬರುವುದಿಲ್ಲ, ಬೇರೆ ಕೆಲಸವಂತೂ ಕೇಳಲೇಬೇಡಿ. ಅಕ್ಕನ ಹೊಲಿಗೆಯೂ ಹೋಗುತ್ತದೆ. ಬರುತ್ತೇನೆ ಎಂದೆ. ಆದರೆ ನಗಿಸುವುದಿಲ್ಲ, ನಿಜವಾದ ನಾಯಕ ಹೇಗಿರುತ್ತಾನೆಂದು ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಹಟ ತೊಟ್ಟೆ.

ನಾನು ಮರಳಿದ ದಿನ ಸಭೆ ಕಿಕ್ಕಿರಿದಿತ್ತು. ಎರಡನೇ ಅಂಕದಲ್ಲಿ ಮಂಡಿಯೂರಿ ಪ್ರಾಣ ಹಿಂಡಿ ಹಾಡಿದೆ. ನಾಯಕಿ ಹೂಂ ಎಂದಳು. ನಾನು ಥಟ್ಟನೆ ಎದ್ದು ನಿಂತೆ. ಡಾಕ್ಟರು ಕೆಲಸ ಗಟ್ಟಿಯಾಗಿ ಮಾಡಿದ್ದರು. ಸಭೆಯಲ್ಲಿ ಯಾರೋ ಕೆಮ್ಮಿದರು, ಅಷ್ಟೆ. ನನ್ನನ್ನು ಎಬ್ಬಿಸಲು ಚಾಚಿದ್ದ ನಾಯಕಿಯ ಎರಡು ಕೈಗಳು ಗಾಳಿಯಲ್ಲೇ ಉಳಿದವು. ಪರದೆಯ ಪಕ್ಕದಲ್ಲಿ ಯಜಮಾನರು ತಲೆಯ ಮೇಲೆ ಕೈ ಹೊತ್ತಿದ್ದರು. ಅವರ ಹಿಂದೆ ಅಕ್ಕ, ಬಾಯಲ್ಲಿ ಸೂಜಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಾ ನಿಂತಿದ್ದಳು.

ನಾನು ಮತ್ತೆ ಮಂಡಿಯೂರಿ, ಏಳಲಾರೆ ಎಂದು ಇನ್ನೊಮ್ಮೆ ಹಾಡಿದೆ. ನಾಯಕಿ ಹೂಂ ಎಂದಳು. ನೆಲಕ್ಕೆ ಕೈ ಊರಿ, ಸೊಂಟ ಎತ್ತಿ, ದೊಪ್ಪನೆ ಕೂತೆ. ಅವಳಿಗೆ ಹೊಳೆಯಿತು, ಜೋರಾಗಿ ಹೂಂ ಎಂದಳು. ನಾನು ಅಲ್ಲೇ. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷಗಳಲ್ಲಿ ನಾನು ಮೊದಲ ಬಾರಿಗೆ ನಟಿಸಿದ್ದು ಅವತ್ತೇ. ಆಟ ಮುಗಿದ ಮೇಲೆ ಯಜಮಾನರು ಬೆನ್ನು ತಟ್ಟಿ, ಚೆನ್ನಾಗಿತ್ತು, ಆದರೆ ಮೊದಲಿನಷ್ಟು ಸಹಜವಾಗಿರಲಿಲ್ಲ ಎಂದರು.

ಉಡುಪಿನ ಕೋಣೆಯಲ್ಲಿ ಕೋಟು ಬಿಚ್ಚಿ ಅಕ್ಕನ ಮುಂದೆ ಇಟ್ಟೆ.

"ಬಿಗಿ ಮಾಡಿಬಿಡು ಅಕ್ಕಾ. ಗುಂಡಿ ಹಾರಲಿ. ಇನ್ನೊಂದಷ್ಟು ವರ್ಷ ಓಡತ್ತೆ."

ಅವಳು ಕೋಟನ್ನು ತಿರುಗಿಸಿ, ಹೊಲಿಗೆಯ ಒಳಗೆ ಇನ್ನೂ ಎಷ್ಟು ಬಟ್ಟೆ ಉಳಿದಿದೆ ಎಂದು ಬೆರಳಿನಲ್ಲಿ ಅಳೆದು ನೋಡಿದಳು.

"ಏಳಕ್ಕಾಗಲ್ಲ ಅಂತ ನೀನು ನಾಟಕ ಆಡು, ಅದು ನಿನ್ನ ಕೆಲಸ. ಕೋಟು ಮಾತ್ರ ನಿನ್ನ ಅಳತೆಗೇ ಇರತ್ತೆ. ಇದು ನನ್ನ ಕೆಲಸ."

ಆಮೇಲೆ ನಾವಿಬ್ಬರೂ ಮುಂಬಾಗಿಲಿನಿಂದ ಹೊರಗೆ ಬಂದು, ಮುಂದಿನ ಬೀದಿಯಲ್ಲೇ ಮನೆಗೆ ಹೋದೆವು. ಯಾರೂ ಮುತ್ತಿಕೊಳ್ಳಲಿಲ್ಲ.