ನೇರ ಹೋಗಬ್ಯಾಡ್ರಿ

ಲಕಮನಹಳ್ಳಿಯ ತಗಡು ಒತ್ತುವ ಕಾರ್ಖಾನೆಯ ಆಫೀಸಿನ ಗೋಡೆಯ ಮೇಲೆ ಮೊದಲು ದೇವರ ಕ್ಯಾಲೆಂಡರ್ ಒಂದೇ ಇತ್ತು. ಪುಣೆಯವರು ಕಾರ್ಖಾನೆಯನ್ನು ಕೊಂಡ ಮೇಲೆ ಅದರ ಪಕ್ಕಕ್ಕೆ ಬಾಗಿಲಿನಷ್ಟು ದೊಡ್ಡ ಫಲಕವೊಂದು ಬಂತು. ಮೇಲೆ ಒಂದು ಚೌಕ, ಕೆಳಗೆ ಮೂರು, ಅದರ ಕೆಳಗೆ ಇನ್ನಷ್ಟು, ಎಲ್ಲಕ್ಕೂ ಗೆರೆಗಳು. ಯಾರು ಯಾರ ಕೈಕೆಳಗೆ, ಯಾರು ಯಾರೊಡನೆ ಮಾತಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ತಳದ ಚೌಕದಲ್ಲಿ ಮಾತ್ರ ಹೆಸರಿರಲಿಲ್ಲ, ‘ಕಾರ್ಮಿಕರು ೧೧೪’ ಎಂದಷ್ಟೇ ಇತ್ತು. ಆ ನೂರಾ ಹದಿನಾಲ್ಕು ಮಂದಿಯಿಂದ ಮೇಲಕ್ಕೆ ಹೋಗುವ ಗೆರೆ ಒಂದೇ, ಆ ಗೆರೆಯ ನಡುವೆ ಚೌಕ ಒಂದೇ. ಅದರಲ್ಲಿ ದಾಕ್ಷಾಯಿಣಿಯ ಹೆಸರಿತ್ತು.

ಹದಿನಾರು ವರ್ಷ ಟೈಪು ಮಾಡಿ, ಹಾಜರಿ ಬರೆದು, ಬಂದವರಿಗೆಲ್ಲ ಚಹಾ ತರಿಸಿದ್ದವಳಿಗೆ ಈಗ ‘ಆಂತರಿಕ ಸಂವಹನ ಸಂಯೋಜಕಿ’ ಎಂಬ ಮಾರುದ್ದದ ಹುದ್ದೆ. ಫಲಕದ ಫೋಟೋ ತೆಗೆದು ತಂಗಿ ಮಾನಸಿಗೆ ಕಳಿಸಿದಳು, ತವರುಮನೆಯ ಗ್ರೂಪಿಗೂ ಹಾಕಿದಳು. ಹೆಸರು ಸಣ್ಣದಾಗಿ ಕಾಣುತ್ತದೆಂದು ಅದಕ್ಕೊಂದು ಬಾಣದ ಗುರುತನ್ನೂ ಮಾಡಿದ್ದಳು. ಒಂದು ಚೌಕ ಸಿಕ್ಕರೆ ಮನುಷ್ಯರು ಎಷ್ಟು ಹಿಗ್ಗುತ್ತಾರೆ ನೋಡಿ.

ಹಳೆಯ ಮಾಲೀಕ ಸಿದ್ದಲಿಂಗಪ್ಪನವರ ಕಾಲದಲ್ಲಿ ಈ ಗೆರೆಗಳ ಗೊಡವೆಯೇ ಇರಲಿಲ್ಲ. ಕೆಟ್ಟ ಮಷೀನಿನ ಮೈಮೇಲೆಯೇ ಕಾರ್ಮಿಕರು ಸೀಮೆಸುಣ್ಣದಿಂದ ತಕರಾರು ಬರೆಯುತ್ತಿದ್ದರು. ಬೆಳಗಿನ ಹತ್ತರ ಚಹಾಕ್ಕೆ ಸಿದ್ದಲಿಂಗಪ್ಪ ಕಪ್ಪು-ಬಸಿ ಕೈಯಲ್ಲಿ ಹಿಡಿದುಕೊಂಡೇ ಒಂದೊಂದು ಮಷೀನನ್ನೂ ಓದುತ್ತ ಬರುವರು. ರಿಪೇರಿಯಾದ ಮೇಲೆ ತಾವೇ ಕರವಸ್ತ್ರದಿಂದ ಬರಹವನ್ನು ಒರೆಸುವರು. ಕೆಲವರು ಮಾಲೀಕರಿಗೇ ಬೈದು ಬರೆದದ್ದೂ ಉಂಟು, ಅದನ್ನೂ ಓದಿ ನಕ್ಕು ಮುಂದೆ ಹೋಗುತ್ತಿದ್ದರು. ಪುಣೆಯವರು ಬಂದವರೇ ಮಷೀನುಗಳಿಗೆಲ್ಲ ಹೊಸ ಬಣ್ಣ ಹೊಡೆಸಿದರು. ಸೀಮೆಸುಣ್ಣ ತರಬಾರದೆಂದು ನೋಟಿಸು ಹಚ್ಚಿದರು.

ಇದು ಮೆಕ್ಯಾನಿಕ್ ಕಮರುದ್ದೀನನಿಗೆ ಒಗ್ಗಲೇ ಇಲ್ಲ. ಇಪ್ಪತ್ತೆರಡು ವರ್ಷದ ಆಳು, ಮಷೀನಿನ ಸಪ್ಪಳ ಕೇಳಿಯೇ ಅದರ ರೋಗ ಹೇಳುವವ. ಒಂದು ದಿನ ಗ್ರೀಸು ಮೆತ್ತಿದ ಕೈಯಲ್ಲೇ ಮ್ಯಾನೇಜರ್ ಶಿವಯೋಗೀಶನ ಕೋಣೆಯ ಬಾಗಿಲು ತಳ್ಳಿ ಒಳಗೆ ಹೋಗಿ, ಹತ್ತು ದಿನದಿಂದ ಎಣ್ಣೆ ಬಂದಿಲ್ಲವೆಂದು ಹೇಳಿಬಿಟ್ಟ. ಶಿವಯೋಗೀಶ ಕೂಗಾಡುವವರ ಪೈಕಿಯಲ್ಲ. ಸಂಜೆಯೊಳಗೆ ಲಿಖಿತ ಎಚ್ಚರಿಕೆ ಕೊಡಿಸಿದ. ಬರೆದವಳು ದಾಕ್ಷಾಯಿಣಿಯೇ.

“ಕಾಕಾ, ಇನ್ನ ಮ್ಯಾಲೆ ನೇರ ಹೋಗಬ್ಯಾಡ್ರಿ. ಏನಿದ್ರೂ ನನ್ನ ಕಡೆ ಬರದು ಕೊಡ್ರಿ, ನಾ ಮುಟ್ಟಸ್ತೇನಿ,” ಎಂದು ಅವನ ಕೈಗೆ ಕಾಗದ ಕೊಡುತ್ತ ಹೇಳಿದಳು.

“ನೀವು ಮುಟ್ಟಸ್ತೀರಂದ್ರ ನನಗ್ಯಾಕ ಚಿಂತಿ ಬಾಯಾರ?” ಎಂದ ಕಮರುದ್ದೀನ. ಸಹಿ ಮಾಡಿ ಹೋದ.

ಮುಂದಿನ ಸೋಮವಾರ ಅವನು ಬೇರಿಂಗಿನ ಡಬ್ಬಿಯ ರಟ್ಟು ಹರಿದು ಅದರ ಬೆನ್ನಿಗೆ ಬರೆದು ತಂದ. ‘೪ನೇ ಪ್ರೆಸ್ ಡಬಲ್ ಹೊಡಿತೈತಿ. ಇವತ್ತ ಬಂದ್ ಮಾಡ್ರಿ. ಇಲ್ಲಂದ್ರ ಯಾರದರ ಕೈ ಹೋಗ್ತೈತಿ.’ ಪೆಡಲು ಒಮ್ಮೆ ತುಳಿದರೆ ಪ್ರೆಸ್ಸು ಒಮ್ಮೆ ಇಳಿಯಬೇಕು. ಅದು ಆಗೊಮ್ಮೆ ಈಗೊಮ್ಮೆ ತಾನಾಗಿಯೇ ಎರಡನೇ ಸಲ ಇಳಿಯುತ್ತಿತ್ತು. ತಗಡು ತೆಗೆಯಲು ಕೈ ಹಾಕಿದವರಿಗೆ ಅದು ತಿಳಿಯುವ ಬಗೆಯೇ ಇಲ್ಲ. ಮೊದಲಾಗಿದ್ದರೆ ಕಮರುದ್ದೀನ ತಾನೇ ಅದರ ಸ್ವಿಚ್ಚು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಈಗ ಬಂದ್ ಮಾಡಲು ಮೇಲಿನಿಂದ ಅಪ್ಪಣೆ ಬೇಕು.

ದಾಕ್ಷಾಯಿಣಿ ರಟ್ಟನ್ನು ಎರಡು ಸಲ ಓದಿದಳು. ಪುಣೆಗೆ ಹೋಗುವ ವಾರದ ವರದಿಯಲ್ಲಿ ಪ್ರತಿ ತಕರಾರಿಗೂ ಒಂದು ಬಣ್ಣ ಹಾಕಬೇಕಿತ್ತು: ಎಲ್ಲ ಸರಿಯಿದ್ದರೆ ಹಸಿರು, ಕಾಯಬಹುದಾದರೆ ಹಳದಿ, ಅಪಾಯವಿದ್ದರೆ ಕೆಂಪು. ಕೆಂಪು ಕಂಡರೆ ಪುಣೆಯಿಂದ ಫೋನು ಬರುತ್ತದೆ, ಮೀಟಿಂಗಿನಲ್ಲಿ ಶಿವಯೋಗೀಶನನ್ನು ನಿಲ್ಲಿಸಿ ಕೇಳುತ್ತಾರೆ. ಕೆಂಪು ಹಾಕಬೇಡ ಎಂದು ಅವನೇನೂ ಹೇಳಿರಲಿಲ್ಲ. “ನಮ್ಮ ಪ್ಲಾಂಟಿಂದ ಆರು ತಿಂಗಳಾತು, ಒಂದೂ ಕೆಂಪು ಹೋಗಿಲ್ರೀ ಮೇಡಂ,” ಎಂದು ನಕ್ಕಿದ್ದ, ಅಷ್ಟೇ. ಜಾಣೆಗೆ ಅಷ್ಟು ಸಾಕಾಯಿತು. ಅದೂ ಅಲ್ಲದೆ, ಧಾರವಾಡದ ಸಾಲಿಯಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು ಮೇಲಿನವರಿಗೆ ‘ಕೈ ಹೋಗ್ತೈತಿ’ ಎಂದು ಬರೆಯುವುದೇ? ಒರಟು ಮಾತು. ಅವಳು ಅದನ್ನು ತಿದ್ದಿ ತೀಡಿ ಬರೆದಳು: ‘ನಾಲ್ಕನೇ ಪ್ರೆಸ್ಸನ್ನು ಅನುಕೂಲವಾದಾಗ ಪರಿಶೀಲಿಸಿದಲ್ಲಿ ಉತ್ತಮ. ಉತ್ಪಾದನೆಗೆ ಅಡಚಣೆಯಿಲ್ಲ.’ ಮುಂದೆ ಹಳದಿ ಹಾಕಿ, ರಟ್ಟನ್ನು ಡ್ರಾವರಿನಲ್ಲಿ ಇಟ್ಟಳು.

ಬುಧವಾರ ಕಮರುದ್ದೀನ ಬಾಗಿಲಲ್ಲಿ ನಿಂತು ಕೇಳಿದ. “ಬಾಯಾರ, ನನ್ನ ಚೀಟಿ ಮುಟ್ಟೇತೇನ್ರಿ?”

“ಮುಟ್ಟೇತಿ ಕಾಕಾ. ಮ್ಯಾಲ ನೋಡಾಕತ್ತಾರ.”

“ಲಗೂ ನೋಡ್ರಿ ಅಂತ ಹೇಳ್ರಿ. ಅದರ ಮುಂದ ಫಿರದೋಸ ಕುಂಡ್ರತಾಳ.”

ಫಿರದೋಸಳನ್ನು ದಾಕ್ಷಾಯಿಣಿ ಬಲ್ಲಳು. ಗಬ್ಬೂರಿನ ಹುಡುಗಿ, ರಜೆಯಿದ್ದಾಗ ಮದುವೆಮನೆಗಳಲ್ಲಿ ಮೆಹಂದಿ ಹಚ್ಚುತ್ತಾಳೆ. ಮಾನಸಿಯ ಮದುವೆಯಲ್ಲಿ ಮದುಮಗಳ ಕೈಗೆ ಹಚ್ಚಿದವಳೂ ಅವಳೇ. ಆಗಲಾದರೂ ಎದ್ದು ಮ್ಯಾನೇಜರನ ಕೋಣೆಗೆ ಹೋಗಬಹುದಿತ್ತು, ನಡುವೆ ಇದ್ದದ್ದು ಹತ್ತು ಹೆಜ್ಜೆ. ಆದರೆ ಎರಡು ದಿನ ಬಿಟ್ಟು ಹೋದರೆ ಮೊದಲೇ ಏಕೆ ಹೇಳಲಿಲ್ಲ ಎನ್ನುತ್ತಾರೆ. ಅವಳು ಹೋಗಲಿಲ್ಲ.

ಗುರುವಾರ ಹನ್ನೊಂದೂವರೆಗೆ ನಾಲ್ಕನೇ ಪ್ರೆಸ್ಸು ಎರಡನೇ ಸಲ ಇಳಿಯಿತು. ಫಿರದೋಸಳ ಬಲಗೈಯ ಎರಡು ಬೆರಳು ಹೋದವು.

ವಿಚಾರಣೆ ಹತ್ತು ದಿನದ ಮೇಲೆ ನಡೆಯಿತು. ಪರದೆಯ ಮೇಲೆ ಪುಣೆಯ ಸಾಹೇಬರು, ಮೇಜಿನ ಆಚೆ ಶಿವಯೋಗೀಶ, ಈಚೆ ಕೈ ಕಟ್ಟಿ ನಿಂತ ಕಮರುದ್ದೀನ. ದಾಕ್ಷಾಯಿಣಿಯಿಂದಲೇ ವರದಿಯನ್ನು ಓದಿಸಿದರು. ‘ಅನುಕೂಲವಾದಾಗ’ ಎಂದಿದೆ, ಹಳದಿಯಿದೆ. ಇಷ್ಟು ದೊಡ್ಡ ಅಪಾಯವನ್ನು ಮೆಕ್ಯಾನಿಕ್ ಇಷ್ಟು ಹಗುರಾಗಿ ಏಕೆ ತಿಳಿಸಿದ?

“ಹಗರಕ ತಿಳಿಸಿಲ್ರೀ ಸಾಹೇಬ್ರ. ಕೈ ಹೋಗ್ತೈತಿ ಅಂತ ಬರದು ಬಾಯಾರ ಕೈಯಾಗ ಕೊಟ್ಟೇನ್ರಿ,” ಎಂದ ಕಮರುದ್ದೀನ.

ಎಲ್ಲರೂ ದಾಕ್ಷಾಯಿಣಿಯನ್ನು ನೋಡಿದರು. ರಟ್ಟು ಪಕ್ಕದ ಕೋಣೆಯ ಡ್ರಾವರಿನಲ್ಲೇ ಇತ್ತು. ತಂದು ಮೇಜಿನ ಮೇಲಿಟ್ಟರೆ ಕಮರುದ್ದೀನ ಉಳಿಯುತ್ತಿದ್ದ, ಅವಳು ಹೋಗುತ್ತಿದ್ದಳು. ಚೌಕ ಹೋಗುತ್ತಿತ್ತು, ಗ್ರೂಪಿನವರಿಗೆಲ್ಲ ತಿಳಿಯುತ್ತಿತ್ತು.

“ಅವರು ಹೇಳಿದ್ದನ್ನ ನಮೂನಿ ಪ್ರಕಾರ ಬರದೇನ್ರಿ ಸರ್,” ಎಂದಳು. “ಬ್ಯಾರೆ ಚೀಟಿ ಯಾವುದೂ ನನ್ನ ಕಡೆ ಇಲ್ಲ.”

ಕಮರುದ್ದೀನ ಅವಳನ್ನು ದಿಟ್ಟಿಸಿ ನೋಡಿದ. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. ಅದು ಸಿಟ್ಟಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅವನನ್ನು ಕೆಲಸದಿಂದ ತೆಗೆದ ಆದೇಶವನ್ನೂ ಅವಳೇ ಬರೆಯಬೇಕಾಯಿತು, ಸಂಯೋಜಕಿಯಲ್ಲವೇ! ‘ಮಾಹಿತಿಯನ್ನು ಸಮರ್ಪಕವಾಗಿ ತಿಳಿಸುವಲ್ಲಿ ವಿಫಲರಾದ ಕಾರಣ’ ಎಂಬ ಸಾಲನ್ನು ಶಿವಯೋಗೀಶ ಎರಡು ಸಲ ಓದಿ, “ಭಾಳ ಛಲೋ ಬರೀತೀರಿ ಮೇಡಂ,” ಎಂದ. ಕಮರುದ್ದೀನ ಬಂದು ಸಹಿ ಮಾಡಿದ. ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟು, ಬರುತ್ತೇನೆ ಎಂದೂ ಹೇಳದೆ ಹೋದ.

ಎರಡು ತಿಂಗಳ ಮೇಲೆ ಫಿರದೋಸ ಮರಳಿ ಬಂದಳು. ಪ್ರೆಸ್ಸಿಗೆ ಕೂಡ್ರಲು ಆಗದವಳಿಗೆ ಕಂಪನಿ ದಯೆ ತೋರಿಸಿ ಹಗುರ ಕೆಲಸ ಕೊಟ್ಟಿತ್ತು. ಶೆಡ್ಡಿನಿಂದ ತಕರಾರಿನ ಚೀಟಿಗಳನ್ನು ತಂದು ದಾಕ್ಷಾಯಿಣಿಗೆ ಕೊಡುವುದು. ದಿನವೂ ಮೂರು ಸಲ ಆ ಕೈ ಅವಳ ಮೇಜಿನ ಮೇಲೆ ಬರುತ್ತಿತ್ತು.

ಮೊದಲ ದಿನವೇ ಫಿರದೋಸ ಹೇಳಿದಳು. “ಅಕ್ಕಾರ, ನೀವು ಮ್ಯಾಲ ಬರದು ಕಳಿಸಿದ್ದಕ್ಕ ನನಗ ಈ ನೌಕರಿ ಸಿಕ್ಕೇತಂತ. ಮ್ಯಾನೇಜರ್ ಸಾಹೇಬ್ರು ಅಂದ್ರು.”

ದಾಕ್ಷಾಯಿಣಿ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

“ಕಮರುದ್ದೀನ ಕಾಕಾ ದವಾಖಾನಿಗೆ ಬಂದಿದ್ರು. ನನ್ನ ಗಂಡ ಸಿಟ್ಟಿನಾಗ ನಿಮ್ಮ ಹೆಸರು ತಗದ. ಕಾಕಾರೇ ಅವನ್ನ ಸುಮ್ಮನ ಮಾಡಿದ್ರು. ಬಾಯಾರದು ಏನೂ ತಪ್ಪಿಲ್ಲ, ನನಗ ಸರಿಯಾಗಿ ಬರ್ಯಾಕ ಬರಲಿಲ್ಲ ಅಂದ್ರು.”

ಇವತ್ತೇ ಹೇಳಿಬಿಡಬೇಕು ಎಂದು ದಾಕ್ಷಾಯಿಣಿ ಡ್ರಾವರು ಎಳೆದಳು. ರಟ್ಟಿನ ಅಂಚು ಕಂಡಿತು, ಅದರ ಮೇಲೆ ಗ್ರೀಸಿನ ಹೆಬ್ಬೆಟ್ಟಿನ ಗುರುತು ಇನ್ನೂ ಇತ್ತು. ಫಿರದೋಸ ನಗುತ್ತ ಎದುರಿಗೇ ನಿಂತಿದ್ದಳು, ಎಡಗೈಯಲ್ಲಿ ಆ ದಿನದ ಚೀಟಿಗಳು. ದಾಕ್ಷಾಯಿಣಿ ಡ್ರಾವರು ಮುಚ್ಚಿ ಚೀಟಿ ತೆಗೆದುಕೊಂಡಳು.

ಒಂಬತ್ತು ಚೀಟಿಗಳಿದ್ದವು. ಒಂಬತ್ತು ಜನ, ಒಂಬತ್ತು ಬಗೆಯ ಕೈಬರಹ. ಎಲ್ಲದರಲ್ಲೂ ಒಂದೇ ಮಾತು: ‘ಎಲ್ಲಾ ಬರೋಬ್ಬರಿ ಐತಿ.’ ಶೆಡ್ಡಿನ ಕಡೆಯಿಂದ ಎರಡನೇ ಪ್ರೆಸ್ಸಿನ ಸಪ್ಪಳ ಕೇಳುತ್ತಿತ್ತು. ಒಂದು, ಮತ್ತೆ ಅದರ ಬೆನ್ನಿಗೇ ಇನ್ನೊಂದು. ಹದಿನಾರು ವರ್ಷ ಇಲ್ಲಿ ಕೂತವಳಿಗೆ ಅಷ್ಟು ತಿಳಿಯುವುದಿಲ್ಲವೇ? ಆದರೆ ಯಾರೂ ಬರೆದುಕೊಟ್ಟಿರಲಿಲ್ಲ. ಅವಳು ವರದಿ ತೆರೆದು, ಮೇಲಿನಿಂದ ಕೆಳಗಿನವರೆಗೆ ಹಸಿರು ಹಾಕಿದಳು.