ಹಜಾರದ ರೈಲಿಗೆ ಸೀಟಿ ಇರ್ಲಿಲ್ಲ

ಎಲ್ಲಿಂದ ಹಿಡೀಲಿ ಹೇಳಿ. ಇಂಜಿನ್ನಿಂದ ಹಿಡೀಲಾ, ಎತ್ತಿಂದ ಹಿಡೀಲಾ? ಬೆಳಗ್ಗಿಂದ ಮೂರು ಸಲ ಎದ್ದೆ, ಮೂರು ಸಲ ಕೂತೆ, ಎಲೆ ಅಡಿಕೆ ಹಾಕ್ಕಂಡೆ, ಉಗುದೆ. ಕತೆ ಮಾತ್ರ ಬಾಗಿಲಲ್ಲೇ ನಿಂತ್ಕಂಡು ಒಳಕ್ಕೆ ಬರ್ಲೋ ಬ್ಯಾಡ್ವೋ ಅಂತೈತೆ. ಬರದಿದ್ರೆ ಕಾಲು ಹಿಡ್ದು ಎಳ್ಕಂಬರ್ತೀನಿ, ನನ್ನೇನಂತ ತಿಳ್ಕಂಡೈತೆ ಅದು.

೧

ಐಡಿಹಳ್ಳೀಲಿ ದೊಡ್ಡರಂಗಪ್ಪ ಅಂತ ಒಬ್ಬಿದ್ದ. ಮೈಸೂರು ಮಹಾರಾಜರ ಕಾಲ. ಎಲ್ಲೋ ದೂರದ ಲೈನಲ್ಲಿ ರೈಲು ಡ್ರೈವರಾಗಿದ್ದ. (ಯಾವ್ ಲೈನು ಅಂತ ಕೇಳ್ಬ್ಯಾಡಿ, ಹೇಳಲ್ಲ.) ಒಂದಿನ ಕೆಲಸ ಬುಟ್ಟು ಊರಿಗೆ ಬಂದೋನು, ಮನೆ ಹಜಾರದಾಗೇ ರೈಲು ಮಾಡ್ಕಂಡು ಓಡ್ಸಕ್ಕೆ ಕೂತ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಕೂ ತಾಲ್ಲೂಕು ಜರಡಿ ಹಿಡುದ್ರೂ ಒಂದು ಗೇಣು ರೈಲು ಕಂಬಿ ಸಿಗದ ಕಾಲ ಅದು. ಇವನ ಇಂಜಿನ್ನು ಆನೆ ಗಾತ್ರ ಇತ್ತು. ಅದು ಹೊಗೆ ಬುಟ್ರೆ ಪಾವಗಡದೋರು ಮಳೆ ಮೋಡ ಅಂತ ಕೂರಿಗೆ ಹೊತ್ಕಂಡು ಹೊಲಕ್ಕೆ ಹೊಂಡೋರು.

("ಆನೆ ಗಾತ್ರ ಅಲ್ಲ ಕಣಮ್ಮ, ಚೊಂಬಿನ ಗಾತ್ರ" ಅಂತಾಳೆ ಸರಸಮ್ಮ. ಇವ್ಳು ದೊಡ್ಡರಂಗಪ್ಪನ ಹೆಂಡ್ತಿ. ನನ್ನ ಕತೇಲೇ ಇದ್ಕಂಡು ನನ್ನೇ ತಿದ್ತಾಳೆ.)

೧, ಇನ್ನೊಂದ್ಸಲ

ಸರಿ, ಚೊಂಬಿನ ಗಾತ್ರ. ಯಾಕಂದ್ರೆ ಅದು ಚೊಂಬೇ. ಸರಸಮ್ಮನ ತವರಿಂದ ಬಂದ ಹಿತ್ತಾಳೆ ಚೊಂಬನ್ನ ಅಡ್ಡ ಮಲಗಿಸಿ, ಬಾಯಿ ಮುಚ್ಚಿಸಿ, ಮಧುಗಿರಿ ಕಂಚುಗಾರನ ಕೈಲಿ ಬೆಸುಗೆ ಹಾಕ್ಸಿ ಬಾಯ್ಲರ್ ಮಾಡಿದ್ದ. ಅದರ ಹೊಟ್ಟೆ ಕೆಳಗೆ ಮೂರು ಬತ್ತಿ ಹೊಂಗೆಣ್ಣೆ ದೀಪ. ಮಗೀಗೆ ಹಾಲು ಕುಡ್ಸೋ ಒಳಲೆ ಇರ್ತದಲ್ಲ, ಅದ್ರಲ್ಲಿ ಅಳತೆ ಮಾಡಿ ನೀರು ಹುಯ್ಯೋನು. ಏಳು ಒಳಲೆ ನೀರಿಗೆ ಹಜಾರದ ಸುತ್ತ ಹದಿನಾರು ಸುತ್ತು. ಪೀಪಾಯಿಗೆ ಕಟ್ಟೋ ಕಬ್ಬಿಣದ ಪಟ್ಟಿ ಸೀಳಿ ಕಂಬಿ ಮಾಡಿದ್ದ. ಕಂಬಿ ಮಂಚದ ಕೆಳಗೆ ನುಗ್ಗಿ, ಬೀಸೋಕಲ್ಲು ಬಳಸಿ, ಅಡಿಗೆಮನೆ ಹೊಸಲು ಮುಂದೆ ಹಾದು, ತಿರುಗಾ ಮಂಚಕ್ಕೆ.

ಒಂದ್ಸಲ ಹೊಂಟ್ರೆ ಮುಗೀತು. ಹಬೆ ತೀರೋಗಂಟ ಅದು ನಿಲ್ಲಲ್ಲ. ನಿಲ್ಸಕ್ಕೆ ಅದ್ರಲ್ಲಿ ಏನೂ ಇಲ್ಲ. ಕೈಯಾಗೆ ಹಿಡ್ದು ಎತ್ತಬೇಕು, ಎತ್ತಿದ್ರೆ ಸುಡ್ತದೆ.

ದೊಡ್ಡರಂಗಪ್ಪನೂ ಅಂಗೇ. ಕೂರೋನಲ್ಲ. ಇಂಜಿನ್ ಹಿಂದೆ ಬಗ್ಗಿಕೊಂಡು ಸುತ್ತೋದು, ಇಲ್ದಿದ್ರೆ ಅದಕ್ಕೆ ಎಣ್ಣೆ ಬಿಡೋದು, ಇಲ್ದಿದ್ರೆ ಜಗಲಿ ಉದ್ದ ತಿರುಗೋದು. ಹೆಂಡ್ತಿ ಪಕ್ಕ ಕೂತು ನೆಟ್ಟಗೆ ಒಂದು ತುತ್ತು ಉಂಡು ಐದು ವರ್ಷ ಆಗಿತ್ತು. (ಐವತ್ತು ಅಂತ ಬರೀಬೇಕು ಅಂತಿದ್ದೆ. ಅವ್ಳು ನೋಡ್ತಾವ್ಳೆ.)

ಆ ಇಂಜಿನ್ನಿಗೆ ಎಲ್ಲಾ ಇತ್ತು, ಸೀಟಿ ಒಂದಿರ್ಲಿಲ್ಲ. ಅಷ್ಟು ಸಣ್ಣ ಸೀಟಿ ಮಾಡಕ್ಕೆ ಕಂಚುಗಾರನ ಕೈಲೂ ಆಗ್ಲಿಲ್ಲ. ಅದಕ್ಕೆ ಸರಸಮ್ಮನ ಕೈಗೆ ಒಂದು ತಗಡಿನ ಪೀಪಿ ಕೊಟ್ಟಿದ್ದ. ಇಂಜಿನ್ನು ಹೊಸಲ ಹತ್ರ ಬರೋ ಹೊತ್ಗೆ "ಲೇ ಸರಸಿ, ಸೀಟಿ!" ಅನ್ನೋನು. ಅವ್ಳು ರೊಟ್ಟಿ ತಟ್ತಿದ್ರೂ ಬುಟ್ಟು ಊದಬೇಕು. ಐದು ವರ್ಷ ಊದಿದ್ಲು.

ಹೊಸಲ ಹತ್ರವೇ ಯಾಕೆ? ಅಲ್ಲಿ ಕಂಬಿಗೆ ಅಡ್ಡ ಒಂದು ದಾರಿ ಎಳೆದಿದ್ದ. ದಾರಿ ಪಕ್ಕ ಒಂದು ಮರದ ಗಾಡಿ ಇಟ್ಟಿದ್ದ. ಗಾಡಿಗೆ ಎರಡು ಮರದ ಎತ್ತು.

ಈಗ ಎತ್ತಿನ ವಿಷ್ಯಕ್ಕೆ ಬಂದೆ ನೋಡಿ. ಇದನ್ನೇ ಮೊದ್ಲು ಹೇಳಬೇಕಿತ್ತೇನೋ.

೨

ಬರಗೂರಿನ ಪಾಲಪ್ಪ ಗಾಡಿ ಹೊಡೆಯೋನು. ಕಳ್ಳೇಕಾಯಿ ಮೂಟೆ ಹೇರ್ಕಂಡು ದೂರದ ಸ್ಟೇಷನ್ನಿಗೆ ಹೋಗ್ತಿದ್ದ. ಒಂದು ಆಯುಧಪೂಜೆ ದಿನ ಕಾವಲಿಲ್ದ ಕಡೆ ಕಂಬಿ ದಾಟ್ತಿದ್ದಾಗ ದೊಡ್ಡರಂಗಪ್ಪನ ಇಂಜಿನ್ನು ಬಂತು. ಪಾಲಪ್ಪ ಹಾರಿ ಕತ್ತಾಳೆ ಮೆಳೇಲಿ ಬಿದ್ದ. ಎತ್ತೆರಡೂ ಹೋದ್ವು. ಆ ಎತ್ತು ಎಂಥವು ಅಂದ್ರೆ... (ಬ್ಯಾಡ. ಇದೊಂದನ್ನ ನಾನು ಉಬ್ಬಿಸಲ್ಲ. ಒಳ್ಳೆ ಎತ್ತು, ಅಷ್ಟೆ.)

ವಿಚಾರಣೆ ನಡೀತು. "ಸೀಟಿ ಹೊಡ್ದಿದ್ದೆ" ಅಂದ ದೊಡ್ಡರಂಗಪ್ಪ. ಕಲ್ಲಿದ್ಲು ಎತ್ತಿಹಾಕೋ ಹುಡುಗ ಡ್ರೈವರು ಹೇಳಿದ್ದೇ ಸರಿ ಅಂದ. ರೈಲ್ವೆ ಬಿಳಿ ಸಾಹೇಬ್ರು ರಿಪೋಲ್ಟು ಬರುದ್ರು: ಸೀಟಿ ಆಗೈತೆ, ಗಾಡಿಯವ್ನಿಗೆ ಕೇಳ್ಸಿಲ್ಲ.

ಆವತ್ತಿಂದ ಪಾಲಪ್ಪ ಕಿವುಡ ಪಾಲಪ್ಪ. ಮೂರು ಹೊಲದಾಚೆ ಇಲಿ ಕೆಮ್ಮಿದ್ರೆ ಕೇಳ್ಸೋ ಕಿವಿ ಅವಂದು! ಸಂತೇಲಿ ಜನ ಕಿವಿ ಹತ್ರ ಬಂದು "ಯಾವೂರಪ್ಪೋ" ಅಂತ ಕಿರುಚೋರು. ಬೇರೆಯೋರ ಗಾಡಿ ಹೊಡೆಯಕ್ಕೂ ಯಾರೂ ಕರೀಲಿಲ್ಲ. ಅದಾದ್ರೂ ಹೋಗ್ಲಿ. ಅವನ ಮಗಳು ಚಿಕ್ಕಕ್ಕನ್ನ ಐದನೇ ವರ್ಷದಾಗೆ ಹೊಳವನಹಳ್ಳಿಯೋರು ನೋಡಿ ಒಪ್ಪಿದ್ರು, ಆಮೇಲೆ ರಾಗ ತೆಗುದ್ರು. "ಕಿವುಡು ಅನ್ನೋದು ವಂಶದಾಗೆ ಇಳೀತದೆ. ಹುಟ್ಟೋ ಮಕ್ಳಿಗೂ ಬಂದ್ರೆ? ಹಬ್ಬ ಕಳೀಲಿ, ನೋಡಾನ."

ಐದು ವರ್ಷದಿಂದ ಪಾಲಪ್ಪ ಅಮಾಸೆ ಅಮಾಸೆಗೆ ಏಳು ಹರಿದಾರಿ ನಡ್ಕಂಡು ಐಡಿಹಳ್ಳಿಗೆ ಬರ್ತಿದ್ದ. ಮೊದಮೊದ್ಲು ಜಗಳಕ್ಕೆ. ಆಮೇಲಾಮೇಲೆ ಜಗಳದ ಜೊತೆಗೆ ರೈಲು ನೋಡಕ್ಕೂ. ಈಗೀಗ ಮಗಳ ಸಲುವಾಗಿ.

"ಡ್ರೈವರಪ್ಪ, ಒಂದೇ ಮಾತು. ಹೊಳವನಹಳ್ಳಿಗೆ ಬಂದು, ಅವರ ಜಗಲೀಲಿ ಕೂತು, 'ಆವತ್ತು ಸೀಟಿ ಹೊಡೀಲಿಲ್ಲ' ಅನ್ನು. ಎತ್ತು ಕೇಳ್ದೆನಾ? ಗಾಡಿ ಕೇಳ್ದೆನಾ?"

"ಹೊಡ್ದಿದ್ದೆ ಕಣ್ಲಾ."

"ನಿನ್ ಕಂಬಿ ಮೇಲೆ ಆಣೆ ಮಾಡು."

"ಲೇ ಸರಸಿ, ಸೀಟಿ!" ಅಂತ ಕೂಗಿ ಆ ಕಡೆ ಓಡೋನು ದೊಡ್ಡರಂಗಪ್ಪ. ಪೀಪಿ ಸದ್ದಲ್ಲಿ ಆಣೆ ಮುಳುಗೋದು.

ಊದೋಳಿಗೆ ಗೊತ್ತಿತ್ತು. ಕೆಲಸ ಬುಟ್ಟು ಬಂದ ವಾರದಲ್ಲಿ ಜ್ವರ ಬಂದಾಗ ಅವನೇ ಒದರಿದ್ದ, ಸೀಟಿ ಹೊಡೀಲಿಲ್ಲ ಕಣೆ ಅಂತ. ಯಾಕೆ ಅಂತ್ಲೂ ಹೇಳಿದ್ದ. ಜ್ವರ ಬುಟ್ಮೇಲೆ ಆ ಮಾತು ಇಬ್ಬರೂ ಎತ್ತಿರ್ಲಿಲ್ಲ.

೩ (ಇದನ್ನ ಹೊಡೆದು ಹಾಕಿದೀನಿ, ಆದ್ರೂ ಓದ್ಕಳಿ)

ಸರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಲಪ್ಪನ ಮುಂದೆ ನಿಂತು, "ಅಣ್ಣಾ, ನನ್ ಗಂಡ ಸುಳ್ಳು ಹೇಳ್ತಾವ್ನೆ" ಅಂದ್ಲು. ಆ ದನಿಗೆ ಮಧುಗಿರಿ ಬೆಟ್ಟ ಬಿರುಕು ಬುಡ್ತು...

"ನಾನೆಲ್ಲಿ ಅಂದೆ?" ಅಂತ ಬಂದ್ಲು ನೋಡಿ.

"ಅನ್ನು. ಕತೆ ಮುಗೀತದೆ. ಚಿಕ್ಕಕ್ಕನಿಗೆ ತಾಳಿ ಬೀಳ್ತದೆ" ಅಂದೆ ನಾನು.

"ಗಂಡನ ಮಾನ ನಾನ್ ತೆಗೀಲಾ? ಅದು ಅವನ ಬಾಯಾಗಿಂದ್ಲೇ ಬರಬೇಕು. ನಿನ್ ಗಂಡ ಮಾಡಿದ್ದೆಲ್ಲಾ ನೀನು ಊರ ಮುಂದೆ ಹೇಳಿದ್ದೀಯಾ?"

"ಸತ್ತೋನ ಸುದ್ದಿ ಈಗ್ಯಾಕೆ ಎತ್ತೀಯೆ!"

"ಮತ್ತೆ ನಂದ್ಯಾಕೆ ಎತ್ತೀಯ?"

ಹೊಡೆದು ಹಾಕಿದೆ. ಇಂಥೋಳ ಜೊತೆ ಹೆಂಗೆ ಕತೆ ಬರೀತೀರಿ?

೪

ಎತ್ತು ಹೋದದ್ದನ್ನೂ ಸೇರ್ಸಿ ಆರನೇ ಆಯುಧಪೂಜೆ. ಈ ಸಲ ಅಮಾಸೆಗೆ ಕಾಯ್ದೆ ಹಬ್ಬದ ದಿನವೇ ಬಂದ ಪಾಲಪ್ಪ. ಬಂದೋನೇ ಕಂಬಕ್ಕೆ ಒರಗಿ, "ಡ್ರೈವರಪ್ಪ, ಇದೇ ಕಡೆ. ಇನ್ನು ಬರಲ್ಲ. ಒಂಬತ್ತು ದಿನದಾಗೆ ಹೊಳವನಹಳ್ಳಿಯೋರು ಬೇರೆ ಹೆಣ್ಣು ನೋಡ್ತಾರೆ" ಅಂದ.

ದೊಡ್ಡರಂಗಪ್ಪ ಇಂಜಿನ್ ಕಡೆ ತಿರುಗ್ದ. ಇಂಜಿನ್ನಿಗೆ ವಿಭೂತಿ ಬಳಿದ, ಕುಂಕುಮ ಇಟ್ಟ, ಹೂ ಮುಡಿಸಿದ. ಗಾಡಿಗಾದ್ರೂ ಲಾರಿಗಾದ್ರೂ ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ? ಮೊದಲ್ನೇ ವರ್ಷ ಇಟ್ಟಿದ್ರು. ನಿಂಬೆಹಣ್ಣು ಗುಡ್ಡದಂಗೆ ಕೂತಿತ್ತು, ಇಂಜಿನ್ನು ಗುದ್ದಿ ಮಗುಚ್ಕಂಡು, ಹೊಂಗೆಣ್ಣೆ ಚೆಲ್ಲಿ ಚಾಪೆ ಸುಟ್ಟಿತ್ತು. ಆವತ್ತಿಂದ ಬಟಾಣಿ ಗಾತ್ರದ ಸುಂಡೆಕಾಯಿ ಇಡ್ತಾರೆ. ಅದು ಚಿಟ್ ಅಂತು, ಇಂಜಿನ್ನು ಹೊಂಟ್ತು.

"ಏನೂಂದ್ರೆ, ಹಬ್ಬದ ದಿನವಾದ್ರೂ ಕೂತು ಉಣ್ಣಿ" ಅಂದ್ಲು ಸರಸಮ್ಮ.

ಅದೇನು ಬಂತೋ, ಕೂತ. ಇಬ್ಬರಿಗೂ ಎಲೆ ಹಾಕಿದ್ಲು, ಒಬ್ಬಟ್ಟು ಬಡಿಸಿದ್ಲು, ತುಪ್ಪ ಬುಟ್ಲು. ಒಬ್ಬಟ್ಟಿಗೆ ಕಾಯಿಹಾಲು ಹುಯ್ಕಂಡು ಕಲಸಿದ ದೊಡ್ಡರಂಗಪ್ಪನ ಕೈ ಮಣಿಕಟ್ಟಿನಗಂಟ ಹೂರಣ. ಕಣ್ಣು ಮಾತ್ರ ಮಂಚದ ಕೆಳಗೆ ಹೊಕ್ಕ ಇಂಜಿನ್ ಮೇಲೆ.

ಪಾಲಪ್ಪ ಒಬ್ಬಟ್ಟು ಮುಟ್ಲಿಲ್ಲ. ಎದ್ದ. ಹೊಸಲ ಹತ್ರ ಹೋಗಿ, ದಾರಿ ಪಕ್ಕ ಇದ್ದ ಮರದ ಗಾಡಿನ ಎತ್ತಿ ಕಂಬಿ ನಟ್ಟ ನಡುವೆ ಇಟ್ಟ. ಐದು ವರ್ಷದಾಗೆ ಯಾರೂ ಅದನ್ನ ಅಲ್ಲಿ ಇಟ್ಟಿರ್ಲಿಲ್ಲ.

"ಲೇ ಪಾಲ, ತೆಗಿ ಅದನ್ನ!"

"ಸೀಟಿ ಆಗ್ಲಿ, ತೆಗೀತೀನಿ. ನನ್ ಕಿವಿ ನೆಟ್ಟಗೈತೆ."

"ಲೇ ಸರಸಿ, ಸೀಟಿ!"

ಸರಸಮ್ಮ ಹೊಸಲ ಮೇಲೆ, ಕೈಯಾಗೆ ಪೀಪಿ.

ಈಗ ನಾನೇನು ಮಾಡ್ಲಿ? ಮೊದ್ಲು ಬರೆದಿದ್ದು, ಊದಿದ್ಲು ಅಂತ. ಊದುದ್ರೆ ಪಾಲಪ್ಪ ಗಾಡಿ ತೆಗೀತಾನೆ, ಉಂಡು ಎಲೆ ಮಡಚ್ತಾನೆ, ಏಳು ಹರಿದಾರಿ ನಡೀತಾನೆ, ಚಿಕ್ಕಕ್ಕ ತವರಲ್ಲೇ ಉಳೀತಾಳೆ. ಚೆನ್ನಾಗೇನೋ ಇತ್ತು, ಓದೋರು ಸೆರಗಲ್ಲಿ ಮೂಗು ಒರೆಸ್ಕಳೋರು. "ಊದೇ" ಅಂದೆ. ಪೀಪಿನ ಮಡಿಲಿಗೆ ಹಾಕ್ಕಂಡ್ಲು. "ನೀನು ಏನ್ ಬೇಕಾದ್ರೂ ಬರ್ಕ. ನಾನಿನ್ನ ಊದಲ್ಲ."

ಇಂಜಿನ್ನು ಬೀಸೋಕಲ್ಲು ಬಳಸ್ತು.

"ಸೀಟಿ ಕಣೇ!"

ಊದ್ಲಿಲ್ಲ. ಗಾಡಿಗೆ ಇನ್ನು ಮೊಳ ಐತೆ. ಗೇಣು ಐತೆ. ದೊಡ್ಡರಂಗಪ್ಪ ಎಲೆ ಮುಂದಿಂದ ಕಪ್ಪೆಯಂಗೆ ನೆಗುದ. (ಇದು ಉಬ್ಬಿಸಿದ್ದಲ್ಲ. ಸರಸಮ್ಮನ್ನೇ ಕೇಳಿ.) ನೆಗೆದು, ಹೂರಣ ಮೆತ್ತಿದ ಬಲಗೈಯಾಗೇ ಇಂಜಿನ್ನ ಬಾಚಿ ಹಿಡ್ದ. ಚುರ್ ಅಂತು. ಚಕ್ರ ಗಾಳೀಲಿ ತಿರುಗ್ತಾನೇ ಇದ್ವು. ಹಜಾರದ ತುಂಬಾ ಬೆಲ್ಲ ಸೀದ ವಾಸನೆ.

ಮರದ ಎತ್ತು ಅಲ್ಲಾಡ್ಲಿಲ್ಲ.

ಪಾಲಪ್ಪ ಎತ್ತನ್ನ ನೋಡಿದ. ಇಂಜಿನ್ ಹೊಟ್ಟೆ ಮೇಲಿನ ಕುಂಕುಮ ನೋಡಿದ, ಅದರ ಮೇಲೆ ಕರಿಕಾಗ್ತಿದ್ದ ಹೂರಣ ನೋಡಿದ. ಮೆಲ್ಲಕೆ ಅಂದ, "ಆವತ್ತೂ ಹಬ್ಬ ಅಲ್ವಾ."

"ಊ."

"ಉಣ್ತಿದ್ಯಾ?"

"ಇವ್ಳು ಒಬ್ಬಟ್ಟು ಕಟ್ಟಿಕೊಟ್ಟಿದ್ಲು. ಗಾಡಿ ಕಾಣುಸ್ತು. ಸೀಟಿ ದಾರ ತಲೆ ಮೇಲೇ ಇತ್ತು ಕಣ್ಲಾ. ಬೆಳಗ್ಗೆ ನಾನೇ ಪೂಜೆ ಮಾಡಿದ್ ಇಂಜಿನ್ನು. ಎಂಜಲು ಕೈಯಾಗೆ ಹೆಂಗೆ ಮುಟ್ಲಿ ಅಂತ... ಕೈ ತೊಳೆಯಕ್ಕೆ ಚೊಂಬಿಗೆ ಬಗ್ಗುದೆ. ಏಳೋ ಹೊತ್ಗೆ..."

"ಎಡಗೈ ಇರ್ಲಿಲ್ವಾ?"

"ಪೂಜೆ ಆಗಿದ್ ಇಂಜಿನ್ನಿಗೆ ಎಡಗೈಯಾ?"

ಪಾಲಪ್ಪ ತನ್ನ ಎಡಗೈ ನೋಡ್ಕಂಡ. ಅವನೂ ಎತ್ತಿಗೆ ಎಡಗೈಲಿ ಮೇವು ಹಾಕ್ದೋನಲ್ಲ.

"ಇದನ್ನ ಸಾಹೇಬ್ರಿಗೆ ಹೇಳ್ಬೇಕಿತ್ತಲ್ವಾ?"

"ಚಮಚದಾಗೆ ಉಣ್ಣೋರಿಗೆ ಎಂಜಲು ಕೈ ಅಂದ್ರೆ ಏನ್ಲಾ ಗೊತ್ತು? ನಗೋರು. ನಿನ್ ಎತ್ತು ಸತ್ತಿದ್ಕೆ ಅವ್ರು ನಗೋದು ನಂಗೆ ನೋಡಕ್ಕಾಗ್ತಿರ್ಲಿಲ್ಲ."

ಸರಸಮ್ಮ ಹಂಡೇಲಿ ನೀರು ಮೊಗೆದು ಚೊಂಬು ತಂದ್ಲು. "ಬೊಬ್ಬೆ ಏಳ್ತದೆ, ಕೈ ಒಡ್ಡಿ" ಅಂದ್ಲು.

ದೊಡ್ಡರಂಗಪ್ಪ ಕೈ ಒಡ್ಡಿದ.

ಪಾಲಪ್ಪ ಅಡ್ಡ ಬಂದ. "ಬ್ಯಾಡಕ್ಕ, ಹುಯ್ಯಬ್ಯಾಡ" ಅಂದ. ಆಮೇಲೆ ಅವನ ಕಡೆ ತಿರುಗಿ, "ಡ್ರೈವರಪ್ಪ, ಈ ಸಲ ಕೈ ತೊಳೀಬ್ಯಾಡ. ಇಂಗೇ ಬಾ. ಹೊಳವನಹಳ್ಳಿಯೋರು ಸಾಹೇಬ್ರಲ್ಲ, ಅವ್ರಿಗೆ ಕೈ ತೋರ್ಸುದ್ರೆ ಸಾಕು."

೫

ಹೋದ್ನಾ ಅಂತ ಕೇಳ್ತೀರಿ. ಗೊತ್ತು, ಕೇಳೇ ಕೇಳ್ತೀರಿ.

ಒಂದು ರೀತಿ: ಹೋದ. ದಾರಿಯುದ್ದಕ್ಕೂ ಇರುವೆ ಸಾಲು ಅವನ ಕೈ ಹಿಂದೆ. ಹೊಳವನಹಳ್ಳಿ ಮುಟ್ಟೋ ಹೊತ್ಗೆ ಇರುವೆ ದಿಬ್ಬಣವೇ ಆಗಿತ್ತು.

ಇನ್ನೊಂದು ರೀತಿ: ಊರಂಚಿನ ಹೊಲಮಾಳದಗಂಟ ಹೋಗಿ ನಿಂತ. ಉಂಡ ಕೈಲಿ ಊರು ದಾಟದು ಹೆಂಗೆ ಅಂತ.

ಮೂರನೇದು ಪಾಲಪ್ಪ ಹೇಳ್ದ, ಅದನ್ನ ಬರೀಬ್ಯಾಡ ಅಂತ ದೊಡ್ಡರಂಗಪ್ಪ ಬೇಡ್ಕಂಡ. ನಾಕನೇದು ಹೇಳಕ್ಕೆ ಚಿಕ್ಕಕ್ಕನೇ ಬಂದಿದ್ಲು. "ಅಜ್ಜಿ, ನನ್ನೊಂದು ಮಾತು ಯಾರಾದ್ರೂ ಕೇಳಿದ್ರಾ, ನಂಗೆ ಆ ಗಂಡು ಬೇಕೋ ಬ್ಯಾಡ್ವೋ ಅಂತ?" ಅಂದ್ಲು. ನಾನು ಎದ್ದೆ. ಕೂತೆ. ಎಲೆ ಅಡಿಕೆ ಹುಡುಕಿದೆ, ಡಬ್ಬಿ ಖಾಲಿ.

ನಂಗೆ ಗೊತ್ತಿರೋದು ಇಷ್ಟೆ. ದೊಡ್ಡರಂಗಪ್ಪ ಬೀದಿ ಬಾಗಿಲ ಹೊಸಲಾಚೆ ಒಂದು ಕಾಲು ಇಟ್ಟವ್ನೆ. ಬಲಗೈ ಮುಂದಕ್ಕೆ ಚಾಚವ್ನೆ, ಬೊಬ್ಬೆ ಏಳ್ತಾ ಐತೆ, ಹೂರಣ ಒಣಗ್ತಾ ಐತೆ. ಪಾಲಪ್ಪ ಜಗಲಿ ಇಳಿದು "ಬಾ, ನಡಿ" ಅಂತಾವ್ನೆ. ಸರಸಮ್ಮ ಚೊಂಬು ಬಗ್ಸವ್ಳೆ, ನೀರು ಅಂಚಿಗೆ ಬಂದೈತೆ, ಒಂದು ಹನೀನೂ ಬಿದ್ದಿಲ್ಲ.

"ಕೈ ಸೋಲ್ತಾ ಐತೆ ಕಣಮ್ಮ" ಅಂತಾಳೆ. "ಹುಯ್ಯಲೋ, ಇಳಿಸಲೋ?"

ನನ್ಯಾಕೆ ಕೇಳ್ತೀಯೆ? ಐದು ವರ್ಷ ಊದಿದ್ದೂ ನೀನೇ, ಊದದೆ ನಿಂತಿದ್ದೂ ನೀನೇ.